ಹೆರವರ ಕೂಸಿಗೆ ಹಾಲು ಕೊಟ್ಟ ಬಾಣಂತಿ

ಬಾಣಂತಿಗೆ ಎರೆಯುವಾಗ ಮೊದಲ ತಂಬಿಗೆ ನೀರು ಬೆನ್ನ ಮೇಲೆ ಬೀಳುತ್ತದಲ್ಲ, ಆಗ ಆಕೆ ಏನು ಮಾಡುತ್ತಾಳೆ ಅನ್ನುವುದನ್ನು ನೋಡಿರಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಎಣ್ಣೆ ಹಚ್ಚುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಿಕ್ಕುವುದು, ಲೋಬಾನದ ಹೊಗೆ ಹಿಡಿಯುವುದು, ಇವೆಲ್ಲ ನಾಲ್ಕು ಮನೆ ತಿರುಗಿದರೆ ಕೈಗೆ ತಾನೇ ಬರುತ್ತವೆ. ಬಿಸಿನೀರು ಬಿದ್ದರೆ ಹೆಂಗಸು ಬೆಚ್ಚಬೇಕು, ಯವ್ವಾ ಅನ್ನಬೇಕು, ಎರೆಯುವವಳನ್ನು ಬೈಯಬೇಕು. ನನ್ನನ್ನು ಎಷ್ಟು ಮಂದಿ ಬೈದಿದ್ದಾರೋ ಅವರೆಲ್ಲ ಸುಖವಾಗಿ ಎದ್ದು ಓಡಾಡಿದ್ದಾರೆ. ಬೆಚ್ಚದೆ ಸುಮ್ಮನೆ ಕೂತವಳನ್ನು ಕಂಡರೆ ಮಾತ್ರ ತಂಬಿಗೆ ಕೆಳಗಿಟ್ಟು ಆಕೆಯ ಮುಖ ನೋಡಿರಿ.

ನನ್ನದು ರೋಣ. ಯಜಮಾನರು ಹತ್ತಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದರು. ಮನೆಗೆಲಸ, ಮೂರು ಮಕ್ಕಳು, ಬೆಳಗಿನ ಲಿಂಗಪೂಜೆ, ರೊಟ್ಟಿ, ಇವುಗಳ ನಡುವೆ ಅತ್ತೆಯ ಸೆರಗು ಹಿಡಿದು ಹೋಗಿ ಹೋಗಿ ಈ ಕೆಲಸ ಕಲಿತೆ. ಇದನ್ನು ಯಾರೂ ನೌಕರಿ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕೂಸಿಗೆ ಹೆಸರಿಡುವ ದಿನ ಒಂದು ಕುಬಸ, ಒಂದಿಷ್ಟು ಜೋಳ ಉಡಿಗೆ ಹಾಕುತ್ತಿದ್ದರು. ಅದೂ ಶಿವ ಕೊಟ್ಟದ್ದು. ಆಗಿನ್ನೂ ನಮ್ಮ ಭಾಗ ಮುಂಬಯಿ ಸರ್ಕಾರದ ಕೈಯೊಳಗಿತ್ತು. ರೋಣ, ನರಗುಂದ, ಗಜೇಂದ್ರಗಡ, ಎಲ್ಲಿ ಕರೆದರೆ ಅಲ್ಲಿಗೆ ಚಕ್ಕಡಿಯಲ್ಲೋ ನಡೆದೋ ಹೋಗಿ ಎರೆದು ಬಂದಿದ್ದೇನೆ. ಈಗ ಕೈ ಹಂಡೆ ಎತ್ತುವುದಿಲ್ಲ, ಬಿಟ್ಟು ಬಹಳ ವರ್ಷವಾಯಿತು. ನನ್ನ ಮೊಮ್ಮಗಳು ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, "ಬರೀ ಬಾಯಿಲೆ ಹೇಳಬ್ಯಾಡ ಅಜ್ಜಿ, ಬರದಿಡು, ನಮ್ಮ ಜೋಡಿ ಇದ್ದ ಹುಡುಗ್ಯಾರೂ ಓದತಾರ" ಅಂದಳು. ಸಾಲಿ ಕಲಿತದ್ದು ಸ್ವಲ್ಪವೇ, ಅದರಲ್ಲೇ ಬರೆಯುತ್ತೇನೆ.

ಆಗಿನ ಬಾಣಂತಿ ಕೋಣೆಯನ್ನು ನೀವು ಯಾರೂ ನೋಡಿಲ್ಲ. ಇದ್ದೊಂದು ಕಿಟಕಿಗೆ ಗೋಣಿತಾಟು ಬಡಿದಿರುತ್ತಿತ್ತು. ಹೊರಸಿನ ಕೆಳಗೆ ಕೆಂಡದ ಬೋಗುಣಿ. ತಲೆದಿಂಬಿನ ಕೆಳಗೆ ಕುಡುಗೋಲು, ಬಾಗಿಲಿಗೆ ಬೇವಿನ ತೊಪ್ಪಲು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಹೋದರೆ ಮೊದಲು ಏನೂ ಕಾಣುತ್ತಿರಲಿಲ್ಲ, ಹೊಗೆಯೊಳಗಿಂದ ಎರಡು ಕಣ್ಣು ಮಾತ್ರ ಮೆಲ್ಲಗೆ ಮೂಡುತ್ತಿದ್ದವು.

ಅತ್ತೆ ಬಹಳ ಖಡಕ್ಕು. ಒಮ್ಮೆ ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮೇಲ್ದುಟಿ ಸೀಳಿದ ಕೂಸು ಹುಟ್ಟಿತ್ತು. ಗ್ರಹಣದಲ್ಲಿ ಬಸುರಿ ಹೊರಗೆ ಬಂದಿದ್ದಳು ಅಂತ ಓಣಿಯ ಹೆಂಗಸರು ಬಾಗಿಲವರೆಗೆ ಬಂದು, ಸೆರಗು ಬಾಯಿಗೆ ಹಿಡಿದು, ನೋಡಿ ಹೋಗುತ್ತಿದ್ದರು. ಅತ್ತೆ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಲೇ ಅವರ ಕಡೆ ತಿರುಗಿ, "ಆ ಚಂದ್ರಾಮಗ ಗ್ರಾಣ ಹಿಡದಿದ್ದು ಒಂದ ತಾಸು. ನೀವು ಈ ಕೂಸಿಗೆ ಎಷ್ಟ ದಿನಾ ಹಿಡಿಯಾವ್ರು?" ಅಂದಳು. ಅವರು ಸರಿದು ಹೋದರು. ಕೂಸು ಉಳಿಯಿತು. ನರಗುಂದದ ಒಂದು ಮನೆಯಲ್ಲಿ ಬಾಣಂತಿಗೆ ಮೂರ್ಛೆ ಬರುತ್ತಿತ್ತು ಅಂತ ನೆರೆಯವರು ಆ ಮನೆಯಿಂದ ಒಲೆಗೆ ಕೆಂಡ ಕೂಡ ಇಸಿದುಕೊಳ್ಳುತ್ತಿರಲಿಲ್ಲ. ಮಂದಿ ಹಿಂಗೇ. ಜಡ್ಡಿಗಿಂತ ಮೊದಲು ಮಂದಿ ಬಾಗಿಲಿಗೆ ಬಂದಿರುತ್ತಾರೆ, ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಒಳಗೆ ಕಾಲಿಡಬೇಕು.

ಅತ್ತೆ ತೀರಿಹೋದ ಮೇಲೆ ನಾನೊಬ್ಬಳೇ ಹೋಗತೊಡಗಿದೆ. ಸವಡಿಯ ನೀಲವ್ವನ ಬಾಣಂತನ ಆಗ ಬಂದದ್ದು.

ಸವಡಿಯಲ್ಲಿ ಗೌರವ್ವ ಅಂತ, ಕಪ್ಪು ಮಣ್ಣಿನ ಎರಿ ಹೊಲ, ಎತ್ತು, ಆಳು ಇದ್ದ ಮನೆಯ ಯಜಮಾನಿ. ಗಂಡ ತೀರಿದ ಮೇಲೆ ಮನೆ ನಡೆಸಿದವಳು. ಆಕೆಯ ಮಗ ಈರಪ್ಪ, ಮಗಳು ಶಾಂತವ್ವ. ಶಾಂತವ್ವನಿಗೆ ಅಬ್ಬಿಗೇರಿಯಲ್ಲಿ ಗಂಡು ಗೊತ್ತಾಗಿತ್ತು. ನೀಲವ್ವ ಈರಪ್ಪನ ಹೆಂಡತಿ, ತವರು ಯಾವಗಲ್ ಅನ್ನುವ ಊರು. ಮೊದಲಿನ ಎರಡು ಹೆರಿಗೆ ತವರಿನಲ್ಲಾಗಿ ಎರಡೂ ಕೂಸು ಹೆಸರಿಡುವ ಮೊದಲೇ ಹೋಗಿದ್ದವು. ಅದಕ್ಕೆ ಮೂರನೆಯದನ್ನು ಸವಡಿಯಲ್ಲೇ ಮಾಡಿದರು. ಗಂಡು ಹುಟ್ಟಿತು. ಸಣ್ಣದು, ಆದರೆ ಅಳು ಗಟ್ಟಿ.

ನಮ್ಮ ಕಡೆ ಇಂಥ ಕೂಸಿಗೆ ಒಂದು ಪದ್ಧತಿ ಮಾಡುತ್ತಾರೆ. ಹಿಂದಿನವು ಉಳಿದಿಲ್ಲ ಅಂದರೆ, ಕೂಸನ್ನು ಮರದಲ್ಲಿ, ಅಂದರೆ ಜೋಳ ಕೇರುವ ಮರದಲ್ಲಿ ಹಾಕಿ, ಹಿತ್ತಲ ತಿಪ್ಪಿಯ ಮೇಲೆ ಇಟ್ಟು ಬರುತ್ತಾರೆ. ಮಕ್ಕಳೆಲ್ಲ ಉಳಿದ ಒಬ್ಬ ಹೆಂಗಸು ಅದನ್ನು ಎತ್ತಿಕೊಂಡು ಮುಂದಿನ ಬಾಗಿಲಿಗೆ ಬಂದು ಮಾರಬೇಕು. ಮನೆಯವರು ಒಂದು ಸೇರು ತೌಡು ಕೊಟ್ಟು ಕೊಳ್ಳಬೇಕು. ಹಿಂದಿನ ಎರಡನ್ನು ಒಯ್ದದ್ದು ಯಾವುದೋ, ಅದು ಇದನ್ನು ನೋಡಿ, ಈ ಮನೆಯ ಕೂಸಲ್ಲ, ತಿಪ್ಪಿಯ ಕಸ ಅಂತ ಬಿಟ್ಟು ಹೋಗಲಿ ಅಂತ. ಹೆತ್ತವಳು ಮಾತ್ರ ಆ ಹೊತ್ತಿಗೆ ಒಳಗೇ ಇರಬೇಕು, ಒಂದು ಮಾತೂ ಆಡಬಾರದು. ನನ್ನ ಮೂರೂ ಉಳಿದಿದ್ದವು, ಹಾಗಾಗಿ ಎತ್ತುವ ಕೆಲಸ ನನಗೇ ಬಂತು.

ಮರದಲ್ಲಿ ಕೂಸು ಅಳುತ್ತಿತ್ತು. ಎತ್ತಿಕೊಂಡೆ, ಗೋಡೆ ಸುತ್ತಿಕೊಂಡು ಮುಂದೆ ಬಂದು ಕೂಗಿದೆ. "ತಿಪ್ಪಿ ಮ್ಯಾಲೆ ಕೂಸು ಸಿಕ್ಕೈತ್ರೆವ್ವಾ. ತಗೋತೀರೇನು?"

ಗೌರವ್ವ ಒಳಗಿಂದ, "ಎಂಥಾದ್ದು?" ಅಂದಳು.

"ಕರೇದು, ಒಣಕಲಾ."

"ನಮಗ್ಯಾಕ ಬೇಕವ್ವ ಅಂಥಾದ್ದು. ತೌಡಿಗೆ ಕೊಟ್ರ ಬಿಟ್ಟ ಹೋಗು."

ಕೊಟ್ಟೆ. ತಿಪ್ಪಣ್ಣ ಅಂತ ಕರೆದರು. ಎಲ್ಲರೂ ನಕ್ಕರು, ನನಗೆ ಬೆಲ್ಲ ಕೊಟ್ಟರು. ಬಾಣಂತಿ ಕೋಣೆಯ ಹಿಂಗೋಡೆ ಅಂದರೆ ತಿಪ್ಪಿಯ ಪಕ್ಕದ್ದೇ. ಕೂಸು ಅಲ್ಲಿ ಅತ್ತದ್ದು, ಅಳು ದೂರ ಹೋದದ್ದು, ಮುಂದಿನ ಬಾಗಿಲಲ್ಲಿ ನಾವು ಚೌಕಾಸಿ ಮಾಡಿದ್ದು, ಎಲ್ಲವನ್ನೂ ನೀಲವ್ವ ಆ ಕತ್ತಲೆಯಲ್ಲಿ ಒಬ್ಬಳೇ ಕೂತು ಕೇಳಿದ್ದಳು.

ಒಂದು ವಾರ ಆಗಿರಬಹುದು. ಎರೆಯಲು ಕೂಡಿಸಿ ಮೊದಲ ತಂಬಿಗೆ ಹಾಕಿದೆ. ನೀರು ಆವತ್ತು ಬಹಳ ಸುಡುತ್ತಿತ್ತು, ನನ್ನ ಕೈಯೇ ಉರಿಯಿತು. ನೀಲವ್ವ ಅಲುಗಲಿಲ್ಲ. ಬೆನ್ನು ಕೆಂಪಾಯಿತು, ಆಕೆ ಗೋಡೆ ನೋಡುತ್ತಾ ಕೂತಿದ್ದಳು. ತಂಬಿಗೆ ಕೆಳಗಿಟ್ಟು ಮುಂದೆ ಹೋಗಿ ಕೂತೆ. ಮುಖ ಶಾಂತವಾಗಿತ್ತು. ಸಂತೆಯಿಂದ ಏನು ತರಬೇಕು ಅಂತ ಹೇಳುವ ದನಿಯಲ್ಲಿ ಹೇಳಿದಳು. "ಪಾರಕ್ಕಾ, ಅವತ್ತ ಒಂದ ಕೂಸು ಒಯ್ದ್ರಿ, ಇನ್ನೊಂದ ಕೂಸು ತಂದ್ರಿ. ಒಯ್ದಿದ್ದು ಎಲ್ಲಿಟ್ಟೀರಿ?"

ನಾನು ನಕ್ಕೆ. "ಪದ್ಧತಿ ಗೊತ್ತಿಲ್ಲೇನವ್ವ ನಿನಗ? ಒಂದ ಕೂಸು, ಒಂದ ಸುತ್ತು."

"ನನ್ನ ಕೂಸಿನ ಅಂಗೈ ಬಿಸಿ ಇತ್ತು. ಇದರದು ತಣ್ಣಗ." ಹಿತ್ತಲ ಕಡೆ ತಲೆ ವಾಲಿಸಿದಳು. "ನಂದು ಅಲ್ಲೇ ಐತಿ. ಅಳಾಕತ್ತೈತಿ. ಕೇಳವಲ್ದೇನು?"

ತೊಟ್ಟಿಲಲ್ಲಿದ್ದ ಕೂಸು ನಿದ್ದೆ ಹೊಡೆಯುತ್ತಿತ್ತು. ಹಿತ್ತಲಲ್ಲಿ ಕೋಳಿಗಳ ಸಪ್ಪಳ ಕೂಡ ಇರಲಿಲ್ಲ.

ಅವತ್ತಿನಿಂದ ಆಕೆ ಕೂಸಿಗೆ ಎದೆ ಕೊಡಲಿಲ್ಲ. ಒತ್ತಾಯ ಮಾಡಿ ಉಡಿಯಲ್ಲಿ ಇಟ್ಟರೆ ಕೈ ಎರಡೂ ಮೇಲೆತ್ತಿ ಕೂಡುತ್ತಿದ್ದಳು, ಮುಟ್ಟಬಾರದ್ದು ತಾಗೀತು ಅನ್ನುವಂತೆ. ಆಡಿನ ಹಾಲನ್ನು ಬತ್ತಿಯಲ್ಲಿ ಹಿಂಡಿದೆವು. ಅದು ಕೂಸಿಗೆ ಒಗ್ಗಲಿಲ್ಲ, ಕುಡಿದದ್ದನ್ನೆಲ್ಲ ಕಕ್ಕಿತು. ಗಟ್ಟಿ ಅಳು ದಿನದಿನಕ್ಕೆ ಸಣ್ಣದಾಯಿತು. ಹಾಲು ಕಟ್ಟಿ ನೀಲವ್ವನ ಎದೆ ಕಲ್ಲಾಗಿತ್ತು. ನಾನು ಬಿಸಿ ಬಟ್ಟೆ ಒತ್ತಿ ಹಿಂಡಿ ತೆಗೆಯುವಾಗ ಅಷ್ಟು ಹಾಲು ಬಟ್ಟಲಿಗೆ ಬೀಳುತ್ತಿತ್ತು, ಪಕ್ಕದಲ್ಲೇ ಆ ಕೂಸು ಬಾಯಿ ತೆರೆಯುತ್ತಿತ್ತು. ಬಟ್ಟಲಿನ ಹಾಲನ್ನು ಬತ್ತಿಯಲ್ಲಿ ಕೊಟ್ಟು ನೋಡಿದೆವು, ಎಳೆಯುವ ಶಕ್ತಿಯೇ ಹೋಗಿತ್ತು, ಅರ್ಧ ಕೆನ್ನೆಗೆ ಇಳಿಯುತ್ತಿತ್ತು.

ಗೌರವ್ವ ಕೋಣೆಗೆ ಹೊರಗಿನಿಂದ ಕಟ್ಟಿಗೆಯ ಅಗಳಿ ಹಾಕಿಸಿದಳು. ಬಂದವರಿಗೆ, ಬಾಣಂತಿಗೆ ಜ್ವರ ಅನ್ನುತ್ತಿದ್ದಳು. ನನ್ನನ್ನು ಅಡುಗೆಮನೆಗೆ ಕರೆದು, "ಪಾರವ್ವ, ಹೊರಗ ಬಾಯಿ ಬಿಟ್ಟಿ ಅಂದ್ರ ನನ್ನ ಮಗಳ ಕುತ್ತಿಗಿಗೆ ತಾಳಿ ಬೀಳೂದಿಲ್ಲ. ಹುಚ್ಚರ ಮನಿ ಅಂತಾರ. ತಿಳೀತಿಲ್ಲ?" ಅಂದಳು. ಹೆದರಿಸಲಿಲ್ಲ, ಕೈ ಹಿಡಿದುಕೊಂಡು ಹೇಳಿದಳು.

ನರಗುಂದದ ಕಡೆಯಿಂದ ಗಾಳಿ ಬಿಡಿಸುವವನೊಬ್ಬನನ್ನು ಈರಪ್ಪ ಕರೆತಂದ. ಕೂಸನ್ನು ನಾನು ಅಂಗಳಕ್ಕೆ ಎತ್ತಿಕೊಂಡು ಬಂದೆ. ಆತ ಕೋಣೆಯಲ್ಲಿ ಕೆಂಡದ ಮೇಲೆ ಒಣ ಮೆಣಸಿನಕಾಯಿ ಸುರಿದು ಬಾಗಿಲು ಹಾಕಿಕೊಂಡ. ಅಂಗಳದಲ್ಲಿದ್ದ ನಾವೆಲ್ಲ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದೆವು. ಕಟ್ಟಿದ ಎತ್ತು ಹಗ್ಗ ಜಗ್ಗಿದವು. ಕಡೆಗೆ ಆತನೇ ಕಣ್ಣು ತಿಕ್ಕುತ್ತಾ ಹೊರಬಿದ್ದ. ಒಳಗೆ ಒಂದು ಕೆಮ್ಮೂ ಇಲ್ಲ. ನಾನು ಮೂಗಿಗೆ ಸೆರಗು ಹಿಡಿದು ಇಣುಕಿದೆ. ಆ ಹೊಗೆಯೊಳಗೆ ನೀಲವ್ವ ನೆಟ್ಟಗೆ ಕೂತು, "ಹೊಗಿ ಹಾಕಿದ್ರ ಕೂಸು ಹೆಂಗ ಕಾಣತೈತ್ರಿ? ಮೊದಲ ಕಿಟಕಿ ತಗೀರಿ" ಅಂದಳು.

ಆತ ರೊಕ್ಕ ಇಸಿದುಕೊಳ್ಳುವುದನ್ನೂ ಮರೆತು ಹೊರಟುಹೋದ.

ನಾನು ಮರುದಿನ ರೋಣದ ದವಾಖಾನೆಗೆ ಹೋಗಿ ನರ್ಸಬಾಯಿಗೆ ಎಲ್ಲ ಹೇಳಿದೆ. ಈ ಕೆಲಸದಲ್ಲಿ ನನಗೆ ಮೇಲಿನವರು ಅಂತ ಇದ್ದದ್ದು ಅತ್ತೆ ಬಿಟ್ಟರೆ ಈ ನರ್ಸಬಾಯಿಯೇ. ಬ್ಲೇಡು ಕುದಿಸದೆ ಹೊಕ್ಕಳ ಬಳ್ಳಿ ಮುಟ್ಟಬೇಡ ಅಂತ ನಮ್ಮ ಕೈಮೇಲೆ ಹೊಡೆದು ಕಲಿಸಿದವರು. ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಚುಚ್ಚುವ ನೆಪದಲ್ಲಿ ಸವಡಿಗೆ ಬಂದರು. ನೀಲವ್ವನ ಜೊತೆ ಬಹಳ ಹೊತ್ತು ಮಾತಾಡಿ ಹೊರಗೆ ಬಂದು ಗೌರವ್ವನಿಗೆ ಹೇಳಿದರು. "ಇದು ಗಾಳಿ ಅಲ್ಲ, ಜಡ್ಡು. ನ್ಯುಮೋನಿಯಾ ಹೆಂಗ ಜಡ್ಡೋ ಹಂಗ. ಬಾಣಂತ್ಯಾರಿಗೆ ಒಮ್ಮೊಮ್ಮೆ ಬರ್ತದ, ಹೋಗ್ತದ. ಧಾರವಾಡಕ್ಕ ಕರ್ಕೊಂಡ ಹೋಗ್ರಿ. ಅಲ್ಲೀತನಕಾ ಆಕಿನ್ನೂ ಕೂಸನ್ನೂ ಇಬ್ಬರನ್ನೇ ಬಿಡಬ್ಯಾಡ್ರಿ. ಕುಡುಗೋಲು ತಗದ ಹೊರಗ ಇಡ್ರಿ."

"ಧಾರವಾಡದ ಬಸ್ಸು ಹತ್ತಿದ್ರ ನಾವು ಮುಟ್ಟೂದ್ರಾಗ ಅಬ್ಬಿಗೇರಿಗೆ ಸುದ್ದಿ ಮುಟ್ಟಿರತೈತ್ರಿ ಬಾಯಾರ" ಅಂದಳು ಗೌರವ್ವ.

ನರ್ಸಬಾಯಿ ನಿದ್ದೆಯ ಔಷಧ ಕೊಟ್ಟು, ಕಿಟಕಿಯ ಗೋಣಿತಾಟು ತಾವೇ ಕಿತ್ತು ಹೋದರು. ಅದೊಂದು ದೊಡ್ಡ ಉಪಕಾರ. ಬಹಳ ದಿನಗಳ ಮೇಲೆ ಆ ಕೋಣೆಗೆ ಬಿಸಿಲು ಬಂತು.

ಮುಂದಿನ ಸಂಗತಿ ನಡೆದದ್ದು ಸುಗ್ಗಿಯ ಒಂದು ಮಧ್ಯಾಹ್ನ. ಗಂಡಸರೆಲ್ಲ ಹೊಲದಲ್ಲಿದ್ದರು. ನಾನು ಒಲೆಯ ಬೂದಿ ಚೆಲ್ಲಲು ಹಿತ್ತಲಿಗೆ ಹೋದೆ. ಬಿಸಿಲು ಬೆಳ್ಳಗೆ ನಿಂತಿತ್ತು, ನೆರಳು ಕಾಲ ಕೆಳಗೆ ಸೇರಿತ್ತು. ತಿಪ್ಪಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಬೂದಿ ಬುಟ್ಟಿ ಬೋರಲು ಹಾಕಿದೆ, ಆಗ ಅಳು ಕೇಳಿತು. ಹಸಿ ಕೂಸಿನ ಅಳು, ಹೊಕ್ಕಳು ಉದುರದ ಕೂಸು ಅಳುತ್ತದಲ್ಲ, ಹಾಗೆ. ಎಷ್ಟು ಕೂಸು ಕಾಲ ಮೇಲೆ ಹಾಕಿಕೊಂಡಿದ್ದೇನೆ, ಬೆಕ್ಕಿನ ದನಿ, ಆಡಿನ ಮರಿಯ ದನಿ ನನಗೆ ಗೊತ್ತಾಗುತ್ತದೆ. ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಿಪ್ಪಿಯ ಹತ್ತಿರ ಹೋದೆ. ಸಗಣಿ, ಜೋಳದ ದಂಟಿನ ಕಣಿಕೆ ತುಂಡು, ಬೂದಿ. ಮತ್ತೇನಿಲ್ಲ. ಅಳು ಒಮ್ಮೆ ನಿಂತು, ಉಸಿರು ಎಳೆದುಕೊಂಡು, ಮತ್ತೆ ಶುರುವಾಯಿತು, ನನ್ನ ಕಾಲ ಹತ್ತಿರವೇ.

ಓಡಲಿಲ್ಲ. ಮೆಲ್ಲಗೆ ಹಿಂದೆ ಹಿಂದೆ ನಡೆದು ಬಾಗಿಲು ಹೊಕ್ಕೆ. ತೊಟ್ಟಿಲಲ್ಲಿ ಕೂಸು ಬಾಯಿ ಮುಚ್ಚಿ ಮಲಗಿತ್ತು. ನೀಲವ್ವ ನನ್ನ ಮುಖ ನೋಡಿ, "ನಿನಗೂ ಕೇಳತಲ್ಲ" ಅಂದಳು.

ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ. ಇವತ್ತಿಗೂ ಯಾರಾದರೂ ಅದೇನು ಅಂತ ಕೇಳಿದರೆ, ಕೇಳಿದ್ದು ಗೊತ್ತು, ಏನು ಅನ್ನುವುದು ಗೊತ್ತಿಲ್ಲ ಅನ್ನುತ್ತೇನೆ. ಆದರೆ ಒಂದು ಒಳ್ಳೆಯದಾಯಿತು. ಆ ಹೊತ್ತಿನಿಂದ ಆಕೆ ನನ್ನನ್ನು ನಂಬಿದಳು.

ಆಗಲೇ ತೊಟ್ಟಿಲಿನ ಕೂಸು ಎದ್ದು ಅಳತೊಡಗಿತು. ದನಿ ಎಳೆ ದಾರದಷ್ಟು. ನೀಲವ್ವ ಅದರ ಕಡೆ ನೋಡಿ, "ಪಾಪ, ಇದರವ್ವ ಎಲ್ಲಿ ಹೋಗ್ಯಾಳೋ. ಹಿಂಗ ಬಿಟ್ಟ ಹೋಗತಾರೇನು?" ಅಂದಳು.

ನಾನು ವಿಚಾರ ಮಾಡಿ ಆಡಿದ ಮಾತಲ್ಲ ಅದು. ಕೂಸಿನ ಸಂಕಟ ನೋಡಲಾಗಲಿಲ್ಲ, ಬಾಯಿಗೆ ಬಂತು. "ಇದು ನಂದವ್ವ. ನನಗ ಹಾಲಿಲ್ಲ."

ನೀಲವ್ವ ನನ್ನನ್ನು ದಿಟ್ಟಿಸಿ ನೋಡಿದಳು. "ಮೊದಲ ಹೇಳಬಾರದಾ? ಇಷ್ಟ ದಿನಾ ನಂದ ಅಂತ ನನ್ನ ಉಡ್ಯಾಗ ತುರಕಾಕತ್ತಿದ್ರಿ." ಸೆರಗು ಸರಿಸಿ ಕೈಚಾಚಿದಳು. "ತಾ ಇಲ್ಲೆ. ಹೆರವರ ಕೂಸಂತ ಯಾರರ ಉಪಾಸ ಕೆಡವತಾರೇನು?"

ಕೂಸು ಮೊದಲು ಎದೆ ಹಿಡಿಯಲಿಲ್ಲ. ನಾನು ಗದ್ದ ಒತ್ತಿ ಹಿಡಿದೆ. ಒಂದು ಗುಟುಕು, ಎರಡು ಗುಟುಕು. ಆಮೇಲೆ ಗುಟುಕಿನ ಸಪ್ಪಳ ಇಡೀ ಕೋಣೆಗೆ ಕೇಳಿತು. ಶಿವನೇ, ಇಷ್ಟಾದರೂ ಕೊಟ್ಟಿಯಲ್ಲ ಅಂತ ಗೋಡೆಗೆ ಒರಗಿದೆ. "ನಂದು ಸಿಗೂತನಕಾ ಅಷ್ಟ" ಅಂದಳು ನೀಲವ್ವ. "ನಂದು ಬಂದ ಮ್ಯಾಲೆ ನೀ ಬ್ಯಾರೆ ದಾರಿ ನೋಡಕೊ."

ನರ್ಸಬಾಯಿಗೆ ಇದು ಸೇರಲಿಲ್ಲ. "ಸುಳ್ಳಿನ ಮ್ಯಾಲೆ ಎಷ್ಟ ದಿನಾ ಕೂಡಸ್ತಿ ಪಾರವ್ವ ಆಕಿನ್ನ? ಜಡ್ಡು ಇಳೀಬೇಕಾದ್ರ ಖರೇ ಮಾತು ಬೇಕು" ಅಂದರು. ಕೂಸನ್ನು ಎತ್ತಿ ತೂಗಿ ನೋಡಿದರು. "ಆದ್ರ ಕುಡೀಲಿಕತ್ತದ. ಕುಡೀಲಿ." ಅವರ ಮಾತೂ ಸರಿಯೇ ಇತ್ತು. ಸುಳ್ಳು ಒಂದು ದಿನದ್ದಾಗಲಿಲ್ಲ.

ಸಂಜೆ ನಾನು ರೋಣಕ್ಕೆ ಹೊರಟರೆ, "ಎಂಥಾ ತಾಯವ್ವ ನೀ, ಕೂಸು ಬಿಟ್ಟ ಹೊಂಟಿ?" ಅಂದಳು ನೀಲವ್ವ. ಹಾಗಾಗಿ ಸವಡಿಯಲ್ಲೇ ಉಳಿಯಬೇಕಾಯಿತು. ಯಜಮಾನರಿಗೆ ಹೇಳಿ ಕಳಿಸಿದೆ. ಅವರು ಎರಡು ಮಾತಾಡಲಿಲ್ಲ, ಮಕ್ಕಳಿಗೆ ತಾವೇ ರೊಟ್ಟಿ ಬಡಿದರು. ಇಡೀ ಮನೆ ಆಟ ಆಡಿತು. "ಪಾರವ್ವ, ನಿನ್ನ ಕೂಸು ಎದ್ದೈತಿ ನೋಡು" ಅಂತ ಗೌರವ್ವ ಕರೆಯುವಳು. ಹೆತ್ತ ಅಪ್ಪ ಈರಪ್ಪ ಬಾಗಿಲಲ್ಲಿ ನಿಂತು ಹೆರವರಂತೆ, ಯಾರೋ ಪರರಂತೆ, ನೋಡಿ ಹೋಗುವನು. ದಿನ ಕಳೆದಂತೆ ಕೂಸು ನನ್ನ ದನಿ ಬಂದ ಕಡೆ ಕತ್ತು ತಿರುಗಿಸತೊಡಗಿತು. ಒಮ್ಮೊಮ್ಮೆ ಅದನ್ನು ಎತ್ತಿಕೊಂಡು ಬಿಸಿಲಲ್ಲಿ ಕೂತಾಗ, ಇದನ್ನು ನಾನು ಎಲ್ಲಿಂದ ಎತ್ತಿ ತಂದೆ ಅಂತ ನನಗೇ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಹಾಲು ಕೊಡುತ್ತಾ ನೀಲವ್ವ ಕೂಸಿನ ಕಿವಿ ಹಿಡಿದು ನೋಡಿದಳು. "ಪಾರಕ್ಕ, ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ. ನಿನ್ನ ಕೂಸಿನ ಕಿವಿ ನಮ್ಮ ಮನಿಯವ್ರ ಕಿವಿ ಇದ್ದಂಗೈತಿ."

ಬಾಗಿಲ ಹೊರಗೆ ಕಾಳು ಆರಿಸುತ್ತಿದ್ದ ಗೌರವ್ವನ ಕೈಯಿಂದ ಮರ ಜಾರಿತು.

"ಸವಡ್ಯಾಗ ಎಲ್ಲಾರ ಕಿವಿನೂ ಹಂಗ ಅದಾವ ಬಿಡವ್ವ" ಅಂದೆ.

"ನೀ ರೋಣದಾಕಿ ಅಲ್ಲೇನು" ಅಂದಳು. ತುಟಿಯ ತುದಿಯಲ್ಲಿ ನಗು ಬಂದದ್ದನ್ನು ಕಂಡೆ. ಬಹಳ ದಿನಗಳ ಮೇಲೆ ಬಂದ ಮೊದಲ ನಗು.

ಆದರೆ ಸುದ್ದಿ ನಿಲ್ಲಲಿಲ್ಲ. ಅಬ್ಬಿಗೇರಿಯಿಂದ ಇಬ್ಬರು ಹಿರಿಯರು ಬಂದು, ಚಹಾ ಕುಡಿದು, ನಿಮ್ಮ ಸೊಸಿ ಆರಾಮ ಅದಾಳೇನ್ರಿ ಅಂತ ಕೇಳಿ, ಕೋಣೆಯ ಹೊರಗಿನ ಅಗಳಿಯನ್ನು ನೋಡಿ ಹೋದರು. ಅವತ್ತು ಮನೆಯಲ್ಲಿ ತೀರ್ಮಾನವಾಯಿತು. ಸೊಸೆಯನ್ನು ತವರಿಗೆ ಕಳಿಸುವುದು, ಕೂಸನ್ನು ಇಲ್ಲೇ ಇಟ್ಟುಕೊಳ್ಳುವುದು. ಹಾಲಿಗೆ ಏನಾದರೂ ಮಾಡೋಣ, ಈರಪ್ಪನಿಗೆ ಬೇರೆ ಹೆಣ್ಣು ನೋಡೋಣ. ಈರಪ್ಪ ನೆಲ ನೋಡುತ್ತಾ ಕೂತಿದ್ದ. ನನ್ನನ್ನು ಕೇಳುವವರು ಯಾರು? ಕೇಳದಿದ್ದರೂ ಹೇಳಿದೆ. "ಹಾಲು ತಪ್ಪಿದ್ರ ಕೂಸು ಉಳಿಯೂದಿಲ್ಲ ಗೌರಕ್ಕ." ಗೌರವ್ವ ಮುಖ ಆ ಕಡೆ ತಿರುಗಿಸಿದಳು.

ಯಾವಗಲ್ಲಿನಿಂದ ನೀಲವ್ವನ ಅಣ್ಣ ಬಸಪ್ಪ ಚಕ್ಕಡಿ ಕಟ್ಟಿಕೊಂಡು ಬಂದ. ಆತನ ಮುಖವೂ ಸಣ್ಣದಾಗಿತ್ತು, ತನ್ನ ಮನೆಯಲ್ಲಿ ಹೆಂಡತಿ ಏನು ಅಂದಿದ್ದಳೋ. ನೀಲವ್ವನನ್ನು ಅಂಗಳಕ್ಕೆ ಕರೆತಂದರು. ಹೆತ್ತ ಮೇಲೆ ಆಕೆ ಬಿಸಿಲಿಗೆ ಬಂದದ್ದು ಅದೇ ಮೊದಲು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು, ಯಾರೂ ಹತ್ತಿರ ಬರಲಿಲ್ಲ. ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು.

"ನಡಿ ತಂಗೆವ್ವ" ಅಂದ ಬಸಪ್ಪ. ಆಕೆ ತಕರಾರು ಮಾಡಲಿಲ್ಲ. ಗಂಡನನ್ನು ನೋಡಿದಳು, ಹಿತ್ತಲ ಕಡೆ ಒಮ್ಮೆ ತಲೆ ವಾಲಿಸಿ ಕೇಳಿಸಿಕೊಂಡಳು, ಚಕ್ಕಡಿಯ ನೊಗದ ಹತ್ತಿರ ಹೋಗಿ ಕಾಲೆತ್ತಿದಳು.

ಬಾಗಿಲ ಒಳಗೆ ನಿಂತಿದ್ದ ನನ್ನ ಕೈಯಲ್ಲಿ ಕೂಸು ಅತ್ತಿತು. ಹಾಲಿನ ಹೊತ್ತಾಗಿತ್ತು.

ನೀಲವ್ವನ ಕುಬಸ ಎರಡೂ ಕಡೆ ಒದ್ದೆಯಾದದ್ದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು. ಎತ್ತಿದ ಕಾಲು ಇಳಿಸಿದಳು.

"ಅಣ್ಣಾ, ನಾ ಬರೂದಿಲ್ಲ."

"ಯಾಕವ್ವ?"

"ನನ್ನ ಕೂಸಂತೂ ಸಿಗಲಿಲ್ಲ. ಈ ಪಾರಕ್ಕನ ಕೂಸು ನನ್ನ ಹಾಲಿಗೆ ಹೊಂದೈತಿ. ನಾ ಹೋದ್ರ ಇದೂ ಹೋಗತೈತಿ." ಅತ್ತೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಅತ್ತಿ, ನಾ ಹುಚ್ಚಿ ಅಂತ ಮಂದಿ ಅಂತಾರ, ನನಗ ಕೇಳತೈತಿ. ಅನ್ನಲಿ. ನನ್ನ ಕ್ವಾಣ್ಯಾಗ ಹಾಕಿ ಅಗಳಿ ಹಾಕ್ರಿ. ಹಾಲಿನ ಹೊತ್ತಿಗೆ ಅಷ್ಟ ತಗೀರಿ. ಹೆರವರ ಕೂಸು, ಪಾರಕ್ಕ 'ನನಗ ಹಾಲಿಲ್ಲ' ಅಂತ ಬಾಯಿಬಿಟ್ಟ ಕೇಳ್ಯಾಳ. ಹೆಂಗ ಬಿಟ್ಟ ಹೋಗಲಿ?"

ಗೌರವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ತಾನು ಹೆತ್ತದ್ದು ಅಂತ ಗೊತ್ತಿಲ್ಲದ ಕೂಸಿಗೆ ಆ ಹುಡುಗಿ ನಿಂತಿದ್ದಳು. ತನ್ನ ಮೊಮ್ಮಗ ಅಂತ ಚೆನ್ನಾಗಿ ಗೊತ್ತಿದ್ದ ಕೂಸಿನ ಹಾಲು ತಪ್ಪಿಸಲು ಈಕೆ ಚಕ್ಕಡಿ ಕರೆಸಿದ್ದಳು. ಕಡೆಗೆ ಗೌರವ್ವ ಎದ್ದು, "ಬಸಪ್ಪ, ಎತ್ತು ಬಿಚ್ಚು. ಕೈಕಾಲು ತೊಳಕೊ, ಉಣ್ಣು" ಅಂದಳು. ಆಮೇಲೆ ಕೋಣೆಯ ಹತ್ತಿರ ಹೋಗಿ ಹೊರಗಿನ ಅಗಳಿಯನ್ನು ಮೊಳೆ ಸಮೇತ ಕೀಳಿಸಿ, ಒಲೆಗೆ ಹಾಕಿದಳು. ಓಣಿಯವರು ನೋಡುತ್ತಿದ್ದರು, ನೋಡಲಿ ಅಂತಲೇ ಮಾಡಿದಳು.

ಅಬ್ಬಿಗೇರಿಯ ಸಂಬಂಧ ಮುರಿಯಿತು. ಶಾಂತವ್ವ ಎರಡು ದಿನ ಅತ್ತು, ಮೂರನೆಯ ದಿನ ಮುಖ ತೊಳೆದುಕೊಂಡು, "ಅವ್ರ ಮನ್ಯಾಗ ಯಾರೂ ಹಡಿಯೂದ ಇಲ್ಲಂತೇನು?" ಅಂದಳು. ಮುಂದೆ ಆಕೆ ಗಜೇಂದ್ರಗಡಕ್ಕೆ ಹೋದಳು, ಚಲೋ ಮನೆ. ಆದರೆ ನಡುವೆ ಎಷ್ಟು ವರ್ಷ ಕಾಯಬೇಕಾಯಿತು ಅನ್ನುವುದು ಆಕೆಗೇ ಗೊತ್ತು. ಗೌರವ್ವ ಕೊಟ್ಟ ಬೆಲೆ ಸಣ್ಣದಲ್ಲ, ಅದನ್ನು ನಾನು ಮರೆಮಾಚುವುದಿಲ್ಲ.

ಅಲ್ಲಿಂದ ಮುಂದೆ ನರ್ಸಬಾಯಿ ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುವಂತೆ ಬಂದು ಹೋದರು. ಕಿಟಕಿ ತೆರೆದಿತ್ತು, ಹೊಗೆ ನಿಂತಿತು, ನೀಲವ್ವ ನಿದ್ದೆ ಮಾಡತೊಡಗಿದಳು. ನೀರು ಹಾಕಿದರೆ, "ಸುಡತೈತಿ, ಕೈಯಾಗ ಏನ ಬೆಂಕಿ ಐತೇನ ನಿಂದು" ಅಂತ ಬೈದಳು. ಆ ಬೈಗಳಕ್ಕೆ ನಾನು ಕೈಮುಗಿದೆ.

ಕೂಸು ಕೂಡಲು ಕಲಿತ ಹೊತ್ತಿಗೆ ಒಂದು ದಿನ ಆಕೆ ನನ್ನ ಪಕ್ಕ ಬಂದು ಕೂತಳು. "ಪಾರಕ್ಕ, ನಂದು ಇನ್ನ ಸಿಗೂದಿಲ್ಲ. ನಿನಗ ರೋಣದಾಗ ಮೂರ ಅದಾವ. ಇದನ್ನ ನನಗ ಬಿಡ್ತೀಯೇನು?"

ನರ್ಸಬಾಯಿ ಹೇಳಿದ ಖರೇ ಮಾತು ಬಾಯಿ ತುದಿಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿದೆ. "ಬಿಟ್ಟೆ ತಗೊ" ಅಂದೆ. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ತಿಪ್ಯಾ" ಅಂತ ಮೊದಲ ಸಲ ಹೆಸರು ಹಿಡಿದು ಕರೆದಳು. ಅದು ಕತ್ತು ತಿರುಗಿಸಿ ನನ್ನ ಕಡೆ ನೋಡಿತು. ನಾನು ಗಂಟು ಕಟ್ಟಿಕೊಂಡು ರೋಣದ ದಾರಿ ಹಿಡಿದೆ. ಎರಡೂ ಕೈ ಬರಿದಾಗಿದ್ದವು, ಹೇಗೆ ಬೀಸಿಕೊಂಡು ನಡೆಯಬೇಕೋ ತಿಳಿಯಲಿಲ್ಲ.

ತಿಪ್ಪಣ್ಣ ಸಾಲಿಗೆ ಹೋಗತೊಡಗಿದ ಮೇಲೆ ಬೇರೆ ಯಾರದೋ ಬಾಣಂತನಕ್ಕೆ ಸವಡಿಗೆ ಹೋದೆ, ಊಟಕ್ಕೆ ನೀಲವ್ವನ ಮನೆಗೆ ಹೋದೆ. ಗೌರವ್ವ ಮೂಲೆಯ ಹೊರಸಿನಲ್ಲಿ ಮಲಗಿ, ಎಲ್ಲದಕ್ಕೂ ಸೊಸೆಯನ್ನೇ ಕೂಗುತ್ತಿದ್ದಳು. ಇಡೀ ಮನೆ ನೀಲವ್ವನ ಕೈಯಲ್ಲಿತ್ತು. ಊರಿನವರು ಮಾತ್ರ ಪೂರ್ತಿ ಬಿಟ್ಟಿರಲಿಲ್ಲ. ಹಸಿ ಕೂಸನ್ನು ಆಕೆ ಎತ್ತಿಕೊಂಡರೆ ಏನೋ ನೆಪ ಹೇಳಿ ಇಸಿದುಕೊಳ್ಳುತ್ತಿದ್ದರು. ಆಕೆಗೂ ಗೊತ್ತಿತ್ತು, ತಾನೇ ಮೊದಲು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ನನಗೆ ರೊಟ್ಟಿ ಹಾಕಿ ಪಲ್ಯ ಬಡಿಸುವಾಗ ಒಮ್ಮೆ ಸೌಟು ಹಿಡಿದೇ ನಿಂತಳು. ಹಿತ್ತಲ ಬಾಗಿಲ ಕಡೆ ತಲೆ ವಾಲಿತ್ತು. ಆ ವಾಲುವುದನ್ನು ನಾನು ಮರೆತಿರಲಿಲ್ಲ.

"ಏನವ್ವ?" ಅಂದೆ ಸಣ್ಣಗೆ.

ಗೌರವ್ವನಿಗೆ ಕೇಳದಂತೆ ನನ್ನ ಹತ್ತಿರ ಬಗ್ಗಿದಳು. "ಏನಿಲ್ಲಕ್ಕ. ಈಗ ಅಳೂದಿಲ್ಲ ಅದು. ಅದೂ ದೊಡ್ಡದಾಗೈತಿ. ಆಡತಿರತೈತಿ." ಪಲ್ಯ ಬಡಿಸಿದಳು. "ಯಾರ ಮುಂದರ ಹೇಳೀಯೇನು? ಮತ್ತ ಅಗಳಿ ಹಾಕತಾರ."

"ಯಾರ ಮುಂದ ಹೇಳಲಿ. ಅಳೂದ ನಿಂತೈತಲ್ಲ, ಅಷ್ಟ ಸಾಕು ನಮಗ."

ತಿಪ್ಪಣ್ಣ ಪಾಟಿ ಹಿಡಿದು ಸಾಲಿಯಿಂದ ಬಂದ. ಮಣ್ಣುಗಾಲಲ್ಲಿ ಒಳಗೆ ಬಂದದ್ದಕ್ಕೆ ಆಕೆ ಬೈದಳು, ಬೈಯುತ್ತಲೇ ಸೆರಗಿನಿಂದ ಅವನ ಮುಖ ಒರೆಸಿದಳು. ಯಾವ ಮನೆಯ ತಾಯಿಯಾದರೂ ಮಾಡುವ ಹಾಗೆ, ಒಂದು ಕೂದಲೆಳೆಯಷ್ಟೂ ಕಡಿಮೆ ಇಲ್ಲದೆ.

ಆಕೆ ಇರುವವರೆಗೆ ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ನರ್ಸಬಾಯಿಗೂ ಕೂಡ. ಈಗ ಆಕೆ ಇಲ್ಲ. ಹುಡುಗಿಯರೇ, ಬಾಣಂತಿ ನಿಮ್ಮ ಹತ್ತಿರ ಬಗ್ಗಿ ಹೇಳಿದ ಮಾತು ಕೆಲವು ಇರುತ್ತವೆ. ಔಷಧಿಗೆ ಬೇಕಾದದ್ದನ್ನು ಡಾಕ್ಟರರಿಗೆ ಹೇಳಿರಿ, ಮುಚ್ಚಿಡಬೇಡಿರಿ. ಓಣಿಗೆ ಮಾತ್ರ ಒಂದಕ್ಷರ ಹೇಳಬೇಡಿರಿ.

ಅವತ್ತು ನೀಲವ್ವ ನನಗೆ ಬಡಿಸಿದ ಹೊತ್ತಿಗೆ ಹಿತ್ತಲ ಬಾಗಿಲು ತೆರೆದೇ ಇತ್ತು. ಹೊರಗೆ ಬಿಸಿಲು ಬೆಳ್ಳಗೆ ನಿಂತಿತ್ತು. ನಾನು ಊಟದ ತಾಟನ್ನು ಈ ಕಡೆ ತಿರುಗಿಸಿಕೊಂಡು, ಆ ಬಾಗಿಲಿಗೆ ಬೆನ್ನು ಮಾಡಿ ಕೂತು, ಬಡಿಸಿದ್ದನ್ನೆಲ್ಲ ಉಂಡೆ.